ಸ್ಟೀಮ್ ಆಟದಂಗಡಿಯ ಗ್ರಾಹಕವಿಮರ್ಶೆ : ಅದರ ಚರಿತ್ರೆಯೂ ನ್ಯೂನತೆಗಳೂ

೧

ಕಣ್ಣಿಗೆ ಕಾಣದ ಸರಕನ್ನು ಕೊಳ್ಳುವವನು ಕಂಡವರ ಮಾತನ್ನು ನಂಬಬೇಕಾಗುವುದು ಲೋಕಸ್ಥಿತಿ. ಬಟ್ಟೆಯನ್ನು ಕೊಳ್ಳುವವನು ಅದನ್ನು ಮುಟ್ಟಿ ನೋಡುತ್ತಾನೆ; ಅಕ್ಕಿಯನ್ನು ಕೊಳ್ಳುವವನು ಒಂದು ಹಿಡಿಯನ್ನು ಅಂಗೈಯಲ್ಲಿಟ್ಟು ಪರೀಕ್ಷಿಸುತ್ತಾನೆ. ಗಣಕಯಂತ್ರದಲ್ಲಿ ಆಡುವ ಆಟವಾದರೋ ಕೆಲವು ಗಂಟೆಗಳ ಕಾಲ ಆಡಿದ ಹೊರತು ತನ್ನ ಗುಣವನ್ನು ತೋರಿಸುವುದಿಲ್ಲ. ಆದುದರಿಂದ ಇಂತಹ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿಗಳಲ್ಲಿ, ಮೊದಲೇ ಕೊಂಡು ಆಡಿದವರ ಅಭಿಪ್ರಾಯಗಳನ್ನು ಸಂಗ್ರಹಿಸಿ ಹೊಸ ಗ್ರಾಹಕರ ಮುಂದಿಡುವ ಪದ್ಧತಿಯು ಬಳಕೆಗೆ ಬಂದಿತು. ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಪ್ರತ್ಯಕ್ಷವು ದೊರೆಯದ ಎಡೆಯಲ್ಲಿ ಶಬ್ದಪ್ರಮಾಣವನ್ನು ಆಶ್ರಯಿಸಿದಂತಾಯಿತು.

ಶಬ್ದವು ಪ್ರಮಾಣವಾಗಬೇಕಾದರೆ ಅದನ್ನು ಆಡಿದವನು ಆಪ್ತನಾಗಿರಬೇಕು. ನ್ಯಾಯಸೂತ್ರಗಳಿಗೆ ಭಾಷ್ಯವನ್ನು ಬರೆದ ವಾತ್ಸ್ಯಾಯನನು ಆಪ್ತನಿಗೆ ಎರಡು ಲಕ್ಷಣಗಳನ್ನು ಹೇಳುತ್ತಾನೆ : ವಿಷಯವನ್ನು ತಾನೇ ಸಾಕ್ಷಾತ್ತಾಗಿ ಅರಿತಿರುವುದು ಒಂದು, ಅರಿತುದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನಾಗಿರುವುದು ಇನ್ನೊಂದು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಸೇರಿಸಿರುವುದು ಗಮನಾರ್ಹವಾಗಿದೆ. ಹಾಗಾದರೆ ಪಂಡಿತನಾದ ವಿಮರ್ಶಕನಲ್ಲವೆಂಬ ಒಂದೇ ಕಾರಣದಿಂದ ಸಾಮಾನ್ಯ ಆಟಗಾರನ ಮಾತು ಅಪ್ರಮಾಣವಾಗುವಂತಿಲ್ಲ. ವ್ಯವಹಾರಶಾಸ್ತ್ರವು ಇನ್ನೂ ಮುಂದೆ ಹೋಗುತ್ತದೆ. ವ್ಯಾಜ್ಯದಲ್ಲಿ ಹಣದ ಸಂಬಂಧವುಳ್ಳವನು, ವಾದಿಯ ಸಹಾಯಕನು, ಶತ್ರು ಮೊದಲಾದವರು ಸಾಕ್ಷಿಗಳಾಗಲು ಅರ್ಹರಲ್ಲವೆಂದು ಸ್ಮೃತಿಕಾರರು ವಿಧಿಸಿದ್ದಾರೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾವ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದನೋ ಆ ಯಾಜ್ಞವಲ್ಕ್ಯಸ್ಮೃತಿಯಲ್ಲಿ, ಸಾಕ್ಷಿಗಳ ಮಾತು ಪರಸ್ಪರ ವಿರುದ್ಧವಾದಾಗ ಬಹುಜನರ ಮಾತನ್ನೂ, ಎರಡು ಕಡೆಯವರ ಸಂಖ್ಯೆಯು ಸಮವಾದಾಗ ಗುಣವಂತರ ಮಾತನ್ನೂ ಗ್ರಹಿಸಬೇಕೆಂಬ ನಿಯಮವಿದೆ. ಬಹುಮತಕ್ಕೆ ಅಲ್ಲಿಯೂ ಸ್ಥಾನವುಂಟು. ಆದರೆ ಆ ಎಣಿಕೆಯು ಸಾಕ್ಷಿಗಳ ಅರ್ಹತೆಯನ್ನು ಪರೀಕ್ಷಿಸಿದ ಮೇಲೆ ನಡೆಯತಕ್ಕದ್ದು.

ಆಟದಂಗಡಿಗಳ ವಿಮರ್ಶಾಪದ್ಧತಿಯಲ್ಲಿ ಈ ಕ್ರಮವು ತಲೆಕೆಳಗಾಯಿತು. ಅಲ್ಲಿ ಮೊದಲು ಎಣಿಸಲಾಯಿತು. ಪರೀಕ್ಷೆಯು ಒಂದೊಂದು ಅನರ್ಥವು ಸಂಭವಿಸಿದ ಮೇಲೆ ಒಂದೊಂದಾಗಿ ಬಂದಿತು. ಈ ಅಂಗಡಿಗಳಲ್ಲಿ ಪ್ರಮುಖವಾದ ಸ್ಟೀಮ್ ಎಂಬುದರ ಚರಿತ್ರೆಯಿಂದ ಈ ಮಾತನ್ನು ಸಮರ್ಥಿಸುವುದೇ ಪ್ರಕೃತ ಲೇಖನದ ಉದ್ದೇಶವಾಗಿದೆ.

೨

ಸ್ಟೀಮ್ ಅಮೆರಿಕದ ವಾಷಿಂಗ್ಟನ್ ಸಂಸ್ಥಾನದಲ್ಲಿರುವ ವಾಲ್ವ್ ಎಂಬ ಸಂಸ್ಥೆಯದು. ಈ ಸಂಸ್ಥೆಯು ೧೯೯೬ರಲ್ಲಿ ಆಟಗಳನ್ನು ನಿರ್ಮಿಸುವುದಕ್ಕಾಗಿ ಸ್ಥಾಪಿತವಾಯಿತು. ೨೦೦೩ನೆಯ ಸೆಪ್ಟೆಂಬರಿನಲ್ಲಿ ಸ್ಟೀಮ್ ಪ್ರಾರಂಭವಾದಾಗ, ಸಂಸ್ಥೆಯ ಸ್ವಂತ ಆಟಗಳ ಪರಿಷ್ಕೃತ ರೂಪಗಳನ್ನು ಆಟಗಾರರ ಯಂತ್ರಗಳಿಗೆ ತಲುಪಿಸುವುದೇ ಅದರ ಮುಖ್ಯ ಕಾರ್ಯವಾಗಿದ್ದಿತು. ೨೦೦೫ರಿಂದ ಅನ್ಯರು ನಿರ್ಮಿಸಿದ ಆಟಗಳೂ ಅಲ್ಲಿ ಮಾರಾಟಕ್ಕೆ ಬಂದವು. ಆಗ ಯಾವ ಆಟವನ್ನು ಅಂಗಡಿಯಲ್ಲಿಡಬೇಕೆಂಬುದನ್ನು ಸಂಸ್ಥೆಯವರೇ ನಿಶ್ಚಯಿಸುತ್ತಿದ್ದರು. ೨೦೧೨ರಲ್ಲಿ ಗ್ರೀನ್‌ಲೈಟ್ ಎಂಬ ಏರ್ಪಾಡಿನಿಂದ ಈ ಆಯ್ಕೆಯಲ್ಲಿ ಆಟಗಾರರ ಮತಕ್ಕೂ ಸ್ಥಾನ ದೊರೆಯಿತು. ೨೦೧೭ರಲ್ಲಿ ಅದೂ ರದ್ದಾಗಿ, ಒಂದೊಂದು ಆಟಕ್ಕೆ ೧೦೦ ಡಾಲರು ಶುಲ್ಕವನ್ನು ಕಟ್ಟಿ ಯಾವ ನಿರ್ಮಾಪಕನಾದರೂ ತನ್ನ ಕೃತಿಯನ್ನು ಮಾರಾಟಕ್ಕಿಡುವ ಅವಕಾಶವಾಯಿತು. ಇದರ ಫಲವಾಗಿ ೨೦೨೪ನೆಯ ಒಂದೇ ವರ್ಷದಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಹೊಸ ಆಟಗಳು ಆ ಅಂಗಡಿಗೆ ಬಂದವು. ಬಾಗಿಲಲ್ಲಿ ನಿಂತು ಪರೀಕ್ಷಿಸುವವನು ಮರೆಯಾದಂತೆಲ್ಲ ಒಳಗಿರುವವರ ಮಾತಿಗೆ ಬೆಲೆ ಹೆಚ್ಚುವುದು ಸಹಜವೇ ಸರಿ.

ಗ್ರಾಹಕವಿಮರ್ಶೆಯ ಈಗಿನ ಪದ್ಧತಿಯು ೨೦೧೩ನೆಯ ನವೆಂಬರಿನಲ್ಲಿ ಪ್ರಾರಂಭವಾಯಿತು. ಆಟಗಾರನು ತನಗೆ ತೋರಿದುದನ್ನು ಬರೆದು, ಮೇಲ್ಮುಖವಾದ ಅಥವಾ ಕೆಳಮುಖವಾದ ಹೆಬ್ಬೆರಳಿನ ಚಿಹ್ನೆಯನ್ನು ಒತ್ತಬೇಕು; ಎಂದರೆ ಈ ಆಟವನ್ನು ಇತರರು ಕೊಳ್ಳಬಹುದು ಅಥವಾ ಕೊಳ್ಳಬಾರದು ಎಂದು ಹೇಳಬೇಕು. ಮೂರನೆಯ ಚಿಹ್ನೆಯಿಲ್ಲ. ಅನುಕೂಲವಾದ ಅಭಿಪ್ರಾಯಗಳು ನೂರಕ್ಕೆ ಎಷ್ಟೆಂಬ ಲೆಕ್ಕದಿಂದ ಆಟಕ್ಕೆ ಒಂದು ಬಿರುದು ದೊರೆಯುತ್ತದೆ. ನೂರಕ್ಕೆ ೯೫ಕ್ಕೆ ಕಡಿಮೆಯಿಲ್ಲದೆ ಅನುಕೂಲವಿದ್ದು ಅಭಿಪ್ರಾಯಗಳು ೫೦೦ ಅಥವಾ ಹೆಚ್ಚಾಗಿದ್ದರೆ ಅತ್ಯುನ್ನತವಾದ ಬಿರುದು; ೭೦ಕ್ಕೆ ಕಡಿಮೆಯಾಗಿ ೪೦ರವರೆಗಿದ್ದರೆ ‘ಮಿಶ್ರ’ ಎಂಬ ಬಿರುದು; ಅದಕ್ಕೂ ಕೆಳಗೆ ಪ್ರತಿಕೂಲವಾದ ಬಿರುದುಗಳು. ಹತ್ತು ಅಭಿಪ್ರಾಯಗಳಾದರೂ ಸೇರದ ಆಟಕ್ಕೆ ಯಾವ ಬಿರುದೂ ಇಲ್ಲ. ವಿಮರ್ಶಕನು ಆಟವನ್ನು ಎಷ್ಟು ಗಂಟೆಗಳ ಕಾಲ ಆಡಿದ್ದಾನೆಂಬುದನ್ನು ಅವನ ಬರಹದ ಜೊತೆಯಲ್ಲಿಯೇ ಕಾಣಿಸುವುದು ಈ ಪದ್ಧತಿಯ ಒಂದು ಸುಗುಣ.

೩

ಈ ಪದ್ಧತಿಯ ಮೊದಲನೆಯ ನ್ಯೂನತೆಯು ಚಿಹ್ನೆಯಲ್ಲಿಯೇ ಇದೆ. ಗುಣವೆಂಬುದು ತಾರತಮ್ಯವುಳ್ಳದ್ದು, ಚಿಹ್ನೆಗಾದರೋ ತಾರತಮ್ಯವಿಲ್ಲ. ಒಂದು ಆಟವನ್ನು ನೂರು ಮಂದಿ ಆಡಿ ಎಲ್ಲರೂ ‘ಪರವಾಗಿಲ್ಲ’ ಎಂದು ಹೆಬ್ಬೆರಳನ್ನು ಮೇಲೆತ್ತಿದರೆಂದು ಭಾವಿಸೋಣ. ಇನ್ನೊಂದನ್ನು ನೂರು ಮಂದಿ ಆಡಿ, ಅವರಲ್ಲಿ ೬೫ ಮಂದಿ ತಮ್ಮ ಜೀವಮಾನದಲ್ಲಿ ಇಂತಹುದನ್ನು ಕಾಣಲಿಲ್ಲವೆಂದು ಕೊಂಡಾಡಿ, ೩೫ ಮಂದಿ ಇದು ತಮಗೆ ಬಹು ಕಷ್ಟವೆಂದು ಬಿಟ್ಟುಬಿಟ್ಟರೆನ್ನೋಣ. ಮೊದಲನೆಯದಕ್ಕೆ ನೂರಕ್ಕೆ ನೂರು, ಎರಡನೆಯದಕ್ಕೆ ‘ಮಿಶ್ರ’. ನೂರಕ್ಕೆ ಇಷ್ಟೆಂಬ ಸಂಖ್ಯೆಯು ಎಷ್ಟು ಮಂದಿ ಮೆಚ್ಚಿದರೆಂಬುದನ್ನು ಹೇಳುತ್ತದೆಯೇ ಹೊರತು ಎಷ್ಟು ಮೆಚ್ಚಿದರೆಂಬುದನ್ನು ಹೇಳುವುದಿಲ್ಲ. ಆದರೂ ಓದುವವನು ಅದನ್ನು ಪರೀಕ್ಷೆಯ ಅಂಕದಂತೆ ಗುಣದ ಪ್ರಮಾಣವೆಂದೇ ಗ್ರಹಿಸುತ್ತಾನೆ. ಧೈರ್ಯದಿಂದ ಹೊಸ ದಾರಿಯನ್ನು ಹಿಡಿದ ಕೃತಿಗೆ ಇದರಿಂದ ನಷ್ಟವೂ, ಯಾರನ್ನೂ ನೋಯಿಸದ ಕೃತಿಗೆ ಲಾಭವೂ ಆಗುವುದು. ನೂರಕ್ಕೆ ೬೯ಕ್ಕೂ ೭೦ಕ್ಕೂ ಇರುವ ಅಂತರವು ಅತ್ಯಲ್ಪವಾದರೂ ಬಿರುದಿನಲ್ಲಿ ಅದು ದೊಡ್ಡದಾಗಿ ಕಾಣುವುದರಿಂದ, ಒಬ್ಬಿಬ್ಬರೇ ಸೇರಿ ನಿರ್ಮಿಸಿದ ಸಣ್ಣ ಆಟದ ಜೀವನೋಪಾಯವು ಕೆಲವೇ ಮಂದಿಯ ಬೆರಳಿನಲ್ಲಿ ನಿಂತಿರುವುದೂ ಉಂಟು.

ಇದಕ್ಕೆ ಕಾಲಸಂಬಂಧವಾದ ಇನ್ನೊಂದು ದೋಷವು ಕೂಡಿಕೊಂಡಿದೆ. ಗ್ರಂಥವು ಅಚ್ಚಾದ ಮೇಲೆ ಬದಲಾಗುವುದಿಲ್ಲ. ಆಟವು ಮಾರಾಟವಾದ ಮೇಲೆಯೂ ಬದಲಾಗುತ್ತಲೇ ಇರುವುದು. ಇಂಗ್ಲೆಂಡಿನ ಹಲೋ ಗೇಮ್ಸ್ ಎಂಬವರ ‘ನೋ ಮ್ಯಾನ್ಸ್ ಸ್ಕೈ’ ಎಂಬ ಆಟವು ೨೦೧೬ನೆಯ ಆಗಸ್ಟಿನಲ್ಲಿ ಹೊರಬಂದಾಗ, ಮೊದಲು ಹೇಳಿದ್ದ ಅನೇಕ ವಿಷಯಗಳು ಅದರಲ್ಲಿಲ್ಲವೆಂದು ಆಟಗಾರರು ಕ್ರುದ್ಧರಾಗಿ ಪ್ರತಿಕೂಲವಾದ ವಿಮರ್ಶೆಗಳನ್ನು ರಾಶಿರಾಶಿಯಾಗಿ ಬರೆದರು. ನಿರ್ಮಾಪಕರು ವರ್ಷವರ್ಷವೂ ಹಣವನ್ನು ಕೇಳದೆಯೇ ಆಟವನ್ನು ಪರಿಷ್ಕರಿಸುತ್ತ ಬಂದರು. ಆದರೂ ಅದರ ಒಟ್ಟು ಲೆಕ್ಕವು ನೂರಕ್ಕೆ ೮೦ನ್ನು ಮುಟ್ಟಿದುದು ೨೦೨೪ನೆಯ ನವೆಂಬರಿನಲ್ಲಿ. ಎಂದರೆ ಎಂಟು ವರ್ಷಗಳ ಮೇಲೆ. ಈ ನಡುವೆ ಹಳೆಯ ಸಾಕ್ಷಿಗಳು ಈಗ ಇಲ್ಲದ ವಸ್ತುವಿನ ವಿಷಯದಲ್ಲಿ ಸಾಕ್ಷ್ಯವನ್ನು ನುಡಿಯುತ್ತಲೇ ಇದ್ದಂತಾಯಿತು. ಇದಕ್ಕೆ ಪರಿಹಾರವಾಗಿ ಸಂಸ್ಥೆಯು ೨೦೧೬ನೆಯ ಮೇ ತಿಂಗಳಿನಲ್ಲಿಯೇ ಒಟ್ಟು ಲೆಕ್ಕದ ಜೊತೆಗೆ ಕಳೆದ ಮೂವತ್ತು ದಿನಗಳ ಲೆಕ್ಕವನ್ನು ಬೇರೆಯಾಗಿ ತೋರಿಸತೊಡಗಿದ್ದಿತು. ಇದು ಯುಕ್ತವಾದ ಸುಧಾರಣೆಯೇ ಆಗಿದ್ದರೂ, ಇತ್ತೀಚಿನ ಕೋಪಕ್ಕೆ ಪ್ರತ್ಯೇಕವಾದ ಪೀಠವನ್ನು ಹಾಕಿಕೊಟ್ಟಂತೆಯೂ ಆಯಿತು.

೪

ಎರಡನೆಯ ನ್ಯೂನತೆಯು ಸಾಕ್ಷಿಗೆ ಸಂಬಂಧಿಸಿದುದು. ಐದು ನಿಮಿಷಗಳ ಕಾಲ ಆಟವನ್ನು ನಡೆಸಿದವನೂ ಇಲ್ಲಿ ವಿಮರ್ಶೆಯನ್ನು ಬರೆಯಬಹುದು. ಐನೂರು ಗಂಟೆಗಳ ಕಾಲ ಆಡಿದವನೂ ಬರೆಯಬಹುದು. ಲೆಕ್ಕದಲ್ಲಿ ಇಬ್ಬರೂ ಸಮಾನರು. ಸಾಕ್ಷಾತ್ತಾಗಿ ಅರಿತಿರುವುದೆಂಬ ಆಪ್ತಲಕ್ಷಣಕ್ಕೆ ಐದು ನಿಮಿಷಗಳು ಸಾಲುವುವೆಂದು ಹೇಳುವುದು ಕಷ್ಟ.

ಸ್ವಾರ್ಥಸಂಬಂಧವುಳ್ಳ ಸಾಕ್ಷಿಗಳ ವಿಷಯವು ಇದಕ್ಕಿಂತ ಗಂಭೀರವಾಯಿತು. ಆಟದ ನಿರ್ಮಾಪಕರು ಸ್ಟೀಮಿನಲ್ಲಿ ಆಟವನ್ನು ತೆರೆಯಲು ಬೇಕಾದ ಸಂಕೇತಾಕ್ಷರಗಳನ್ನು, ಎಂದರೆ ‘ಕೀ’ಗಳನ್ನು, ಪಡೆದು ತಮಗೆ ಇಷ್ಟಬಂದವರಿಗೆ ಹಂಚಬಹುದಾಗಿದ್ದಿತು. ಕೆಲವರು ಅವುಗಳನ್ನು ಪ್ರಶಂಸೆಗೆ ಪ್ರತಿಫಲವಾಗಿ ಕೊಡುವ ವಂಚನೆಗೆ ತೊಡಗಿದರು. ೨೦೧೬ನೆಯ ಸೆಪ್ಟೆಂಬರಿನಲ್ಲಿ ಸಂಸ್ಥೆಯು, ಸ್ಟೀಮಿನಲ್ಲಿಯೇ ಕೊಳ್ಳದೆ ಕೀಯಿಂದ ಆಟವನ್ನು ಪಡೆದವರ ವಿಮರ್ಶೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಸಾರಿತು. ಕಳ್ಳಸಾಕ್ಷಿಗಳು ಹೊರಗಾದರು. ಆದರೆ ಅವರೊಡನೆ ನಿಜವಾದ ಸಾಕ್ಷಿಗಳೂ ಹೊರಗಾದರು. ನಿರ್ಮಾಪಕನ ಸ್ವಂತ ಅಂಗಡಿಯಲ್ಲಿ ಪೂರ್ಣ ಬೆಲೆಯನ್ನು ಕೊಟ್ಟು ಕೊಂಡವರು, ಕಿಕ್‌ಸ್ಟಾರ್ಟರ್‌ನಂತಹ ಚಂದಾಸಂಗ್ರಹದ ಮೂಲಕ ಆಟವು ಹುಟ್ಟುವುದಕ್ಕೆ ಮೊದಲೇ ಹಣವನ್ನು ಕೊಟ್ಟು ಕಾದಿದ್ದವರು, ಇವರೆಲ್ಲರೂ ಕೀಯನ್ನು ಪಡೆದವರೇ. ಅಂತಹ ಬೆಂಬಲದಿಂದ ಬದುಕುತ್ತಿದ್ದ ಸಣ್ಣ ನಿರ್ಮಾಪಕರಿಗೆ ಈ ನಿಯಮದ ಪೆಟ್ಟು ತಗುಲಿತು. ಸಾಕ್ಷಿಯ ನಡತೆಯನ್ನು ನೋಡದೆ ಅವನು ಬಂದ ಬಾಗಿಲನ್ನು ಮಾತ್ರ ನೋಡಿ ತೀರ್ಮಾನಿಸಿದುದರ ಫಲವಿದು.

ಅರಿತುದನ್ನು ಅರಿತಂತೆ ತಿಳಿಸುವ ಇಚ್ಛೆಯೂ ಎಲ್ಲರಲ್ಲಿ ಇರಲಿಲ್ಲ. ವಿಮರ್ಶೆಯನ್ನು ಓದಿದವರು ಅದು ಉಪಯುಕ್ತವೆಂದೋ ವಿನೋದಕರವೆಂದೋ ಗುರುತುಮಾಡಬಹುದು. ೨೦೨೦ರಿಂದ ವಿಮರ್ಶೆಗೆ ಪುರಸ್ಕಾರಗಳನ್ನು ಕೊಡುವ ಏರ್ಪಾಡೂ, ಆ ಪುರಸ್ಕಾರಗಳಿಂದ ವಿಮರ್ಶಕನಿಗೆ ಅಂಗಡಿಯ ಅಂಕಗಳೂ ದೊರೆಯುವಂತಾಯಿತು. ನಗಿಸಿದವನಿಗೆ ಬಹುಮಾನ ದೊರೆಯುವೆಡೆಯಲ್ಲಿ ವಿದೂಷಕರ ಸಂಖ್ಯೆಯು ಹೆಚ್ಚುವುದು ಆಶ್ಚರ್ಯವಲ್ಲ. ಒಂದು ಚಾಟುವಾಕ್ಯ, ಅಕ್ಷರಗಳನ್ನು ಜೋಡಿಸಿ ಬರೆದ ಒಂದು ಚಿತ್ರ, ಇಂತಹವು ಶ್ರದ್ಧೆಯಿಂದ ಬರೆದ ದೀರ್ಘವಿಮರ್ಶೆಗಳ ತಲೆಯ ಮೇಲೆ ಕುಳಿತವು. ೨೦೨೪ನೆಯ ಆಗಸ್ಟಿನಲ್ಲಿ ಸಂಸ್ಥೆಯು ಇಂತಹ ಬರಹಗಳನ್ನು ಹಿಂದಕ್ಕೆ ತಳ್ಳುವ ಹೊಸ ಕ್ರಮವನ್ನು ತಂದಿತು. ಈ ವೇಳೆಗೆ ವಿಮರ್ಶಾಪದ್ಧತಿಗೆ ಹತ್ತು ವರ್ಷಗಳು ತುಂಬಿದ್ದವು.

೫

ಮೂರನೆಯ ನ್ಯೂನತೆಯೇ ಎಲ್ಲಕ್ಕಿಂತ ದೊಡ್ಡದು. ಸಾಕ್ಷಿಯು ಯೋಗ್ಯನಾಗಿದ್ದರೂ ಅವನ ಸಾಕ್ಷ್ಯವು ಯಾವ ವಿಷಯದಲ್ಲಿ ಎಂಬ ಪ್ರಶ್ನೆಯನ್ನು ಈ ಪದ್ಧತಿಯು ಕೇಳಲೇ ಇಲ್ಲ. ಆಟವು ಚೆನ್ನಾಗಿದೆಯೆ ಎಂಬುದು ಒಂದು ಪ್ರಶ್ನೆ; ಆಟವನ್ನು ಮಾಡಿದವನ ಅಥವಾ ಮಾರಿದವನ ನಡತೆಯು ಸರಿಯೆ ಎಂಬುದು ಇನ್ನೊಂದು. ಕೃತಿಯೂ ಕರ್ತೃವೂ ಬೇರೆ ಬೇರೆ. ಆದರೆ ಎರಡಕ್ಕೂ ಇರುವುದು ಆ ಒಂದೇ ಹೆಬ್ಬೆರಳು.

೨೦೧೫ನೆಯ ಏಪ್ರಿಲಿನಲ್ಲಿ ‘ಸ್ಕೈರಿಮ್’ ಎಂಬ ಆಟಕ್ಕೆ ಆಟಗಾರರೇ ನಿರ್ಮಿಸಿ ಹಂಚುತ್ತಿದ್ದ ‘ಮಾಡ್’ ಎಂಬ ಸೇರ್ಪಡೆಗಳನ್ನು ಹಣಕ್ಕೆ ಮಾರಬಹುದೆಂದು ವಾಲ್ವ್ ಮತ್ತು ಬೆಥೆಸ್ಡಾ ಸಂಸ್ಥೆಗಳು ಪ್ರಕಟಿಸಿದಾಗ, ಮೂರು ವರ್ಷಗಳಿಂದ ಮೆಚ್ಚಿಗೆ ಪಡೆದಿದ್ದ ಆ ಆಟದ ಮೇಲೆ ಪ್ರತಿಕೂಲ ವಿಮರ್ಶೆಗಳು ಮಳೆಗರೆದವು. ಆಟದಲ್ಲಿ ಒಂದಕ್ಷರವೂ ಕೆಟ್ಟಿರಲಿಲ್ಲ. ಕೆಟ್ಟಿದ್ದುದು ಮಾರಾಟದ ನೀತಿ. ಕೆಲವೇ ದಿನಗಳಲ್ಲಿ ಆ ಯೋಜನೆಯನ್ನು ಹಿಂತೆಗೆದುಕೊಳ್ಳಲಾಯಿತು. ೨೦೧೭ನೆಯ ಜೂನಿನಲ್ಲಿ ಟೇಕ್-ಟೂ ಸಂಸ್ಥೆಯು ‘ಓಪನ್ ಐವಿ’ ಎಂಬ ಸೇರ್ಪಡೆಯ ಸಾಧನವನ್ನು ನಿಲ್ಲಿಸುವಂತೆ ನೋಟೀಸು ಕೊಟ್ಟಾಗ ‘ಗ್ರ್ಯಾಂಡ್ ಥೆಫ್ಟ್ ಆಟೊ ೫’ ಆಟಕ್ಕೆ ಇದೇ ಗತಿಯಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಪ್ಯೂಡೀಪೈ ಎಂಬ ಹೆಸರಿನ ಪ್ರಸಿದ್ಧ ವೀಡಿಯೊಕಾರನು ನೇರಪ್ರಸಾರದಲ್ಲಿ ಜನಾಂಗನಿಂದೆಯ ಮಾತನ್ನಾಡಿದನೆಂದು, ‘ಫೈರ್‌ವಾಚ್’ ಆಟದ ನಿರ್ಮಾಪಕರು ತಮ್ಮ ಆಟದ ಅವನ ವೀಡಿಯೊವನ್ನು ತೆಗೆಸಲು ಮುಂದಾದರು. ಅವನ ಅಭಿಮಾನಿಗಳು ಆ ಆಟದ ಮೇಲೆ ಬಿದ್ದರು. ಇಂತಹ ಸಾಮೂಹಿಕ ದಾಳಿಗೆ ‘ರಿವ್ಯೂ ಬಾಂಬಿಂಗ್’ ಎಂಬ ಹೆಸರು ರೂಢವಾಗಿದೆ.

ಫೈರ್‌ವಾಚ್ ಪ್ರಸಂಗದ ಬೆನ್ನಿಗೇ ವಾಲ್ವ್ ಸಂಸ್ಥೆಯು ಒಂದು ಪರಿಹಾರವನ್ನು ತಂದಿತು. ಕಾಲಾನುಕ್ರಮವಾಗಿ ಅನುಕೂಲ ಪ್ರತಿಕೂಲ ವಿಮರ್ಶೆಗಳ ಏರಿಳಿತವನ್ನು ತೋರಿಸುವ ಸ್ತಂಭಚಿತ್ರವೊಂದನ್ನು ಪ್ರತಿಯೊಂದು ಆಟದ ಪುಟದಲ್ಲಿಯೂ ಇರಿಸಲಾಯಿತು. ವಿಮರ್ಶೆಗಳನ್ನು ಸ್ವಲ್ಪ ಕಾಲ ನಿಲ್ಲಿಸಿಬಿಡಬಹುದೆಂಬ ಆಲೋಚನೆಯೂ ಬಂದಿದ್ದು, ಜನರ ಬಾಯಿಯನ್ನು ಕಟ್ಟಬಾರದೆಂದು ಅದನ್ನು ಕೈಬಿಡಲಾಯಿತು. ಓದುಗನೇ ಚಿತ್ರವನ್ನು ನೋಡಿ ವಿಚಾರಮಾಡಲಿ ಎಂಬುದು ಇದರ ಅಭಿಪ್ರಾಯ. ಆದರೆ ಬಿರುದನ್ನು ಮಾತ್ರ ನೋಡಿ ಹೋಗುವ ಗ್ರಾಹಕನು ಚಿತ್ರವನ್ನು ಬಿಡಿಸಿ ನೋಡುವನೆಂಬ ನಿಶ್ಚಯವೇನು?

೨೦೧೯ರಲ್ಲಿ ಸಂಸ್ಥೆಯ ಧೋರಣೆಯು ಬದಲಾಯಿತು. ಆ ವರ್ಷದ ಪ್ರಾರಂಭದಲ್ಲಿ ‘ಮೆಟ್ರೊ ಎಕ್ಸೊಡಸ್’ ಎಂಬ ಆಟವನ್ನು ಪ್ರತಿಸ್ಪರ್ಧಿಯಾದ ಎಪಿಕ್ ಅಂಗಡಿಯಲ್ಲಿ ಮಾತ್ರ ಮಾರುವುದಾಗಿ ಪ್ರಕಟವಾದಾಗ, ಅದೇ ಸರಣಿಯ ಹಳೆಯ ಆಟಗಳ ಮೇಲೆ ಸ್ಟೀಮಿನಲ್ಲಿ ದಾಳಿಯಾಗಿದ್ದಿತು. ಮಾರ್ಚಿಯಲ್ಲಿ ಹೊಸ ನಿಯಮವು ಬಂದಿತು. ಅದರಂತೆ, ಅಸಹಜವಾದ ಏರಿಳಿತವನ್ನು ಯಂತ್ರವು ಕಂಡುಹಿಡಿಯುವುದು. ಸಂಸ್ಥೆಯ ಸಿಬ್ಬಂದಿ ವಿಚಾರಿಸುವರು. ವಿಮರ್ಶೆಗಳು ಪ್ರಕೃತವಿಷಯಕ್ಕೆ ಸಂಬಂಧಿಸಿದವಲ್ಲವೆಂದು ತೋರಿದರೆ ಆ ಅವಧಿಯ ವಿಮರ್ಶೆಗಳನ್ನೆಲ್ಲ ಲೆಕ್ಕದಿಂದ ಬಿಡುವರು. ಬರಹಗಳು ಹಾಗೆಯೇ ಉಳಿಯುವುವು. ಬೇಕಾದವರು ಅವುಗಳನ್ನು ಲೆಕ್ಕಕ್ಕೆ ಸೇರಿಸಿಕೊಂಡೂ ನೋಡಬಹುದು. ಏಪ್ರಿಲಿನಲ್ಲಿ ‘ಬಾರ್ಡರ್‌ಲ್ಯಾಂಡ್ಸ್’ ಸರಣಿಯ ಹಳೆಯ ಆಟಗಳಿಗೆ ಇಂತಹುದೇ ಪ್ರಸಂಗವೊದಗಿದಾಗ ಈ ನಿಯಮವು ಪ್ರಯೋಗವಾಯಿತು.

ಸಾಕ್ಷ್ಯವು ಪ್ರಕೃತವಿಷಯದಲ್ಲಿರಬೇಕೆಂಬ ತತ್ತ್ವವನ್ನು ಕೊನೆಗೂ ಅಂಗೀಕರಿಸಿದುದು ಈ ನಿಯಮದ ಗುಣ. ಅದರ ದೋಷಗಳು ಮೂರು. ಒಂದನೆಯದು, ಆ ಅವಧಿಯಲ್ಲಿ ಪ್ರಾಮಾಣಿಕವಾಗಿ ಬರೆದವರ ವಿಮರ್ಶೆಗಳೂ ಲೆಕ್ಕದಿಂದ ಹೋಗುವುವು. ಇದನ್ನು ಸಂಸ್ಥೆಯೇ ಒಪ್ಪಿಕೊಂಡಿದೆ. ಎರಡನೆಯದು, ಪ್ರಕೃತವಾವುದು ಅಪ್ರಕೃತವಾವುದು ಎಂಬುದನ್ನು ನಿರ್ಣಯಿಸುವವನು ಪ್ರತಿಯೊಂದು ಮಾರಾಟದಲ್ಲಿಯೂ ಪಾಲನ್ನು ಪಡೆಯುವ ಅಂಗಡಿಯವನೇ ಆಗಿದ್ದಾನೆ. ನಕಲನ್ನು ತಡೆಯಲು ಹಾಕುವ ಬೀಗ, ಬಳಕೆಯ ಒಪ್ಪಂದದ ಬದಲಾವಣೆ, ಇವುಗಳ ಮೇಲಣ ದೂರುಗಳನ್ನೂ ಅವನು ಅಪ್ರಕೃತವೆಂದೇ ಎಣಿಸಿದನು. ಮೂರನೆಯದು, ನಿಂದೆಗೆ ಇರುವ ಪರೀಕ್ಷೆಯು ಸ್ತುತಿಗೆ ಅಷ್ಟಾಗಿ ಇಲ್ಲದಿರುವುದು. ೨೦೧೯ನೆಯ ಏಪ್ರಿಲಿನಲ್ಲಿ ಪ್ಯಾರಿಸ್ಸಿನ ನೋತ್ರ್ ದಾಮ್ ದೇವಾಲಯವು ಬೆಂಕಿಗೆ ತುತ್ತಾದಾಗ, ಅದರ ಪ್ರತಿರೂಪವಿರುವ ‘ಅಸಾಸಿನ್ಸ್ ಕ್ರೀಡ್ ಯೂನಿಟಿ’ ಎಂಬ ಆಟವನ್ನು ಯೂಬಿಸಾಫ್ಟ್ ಸಂಸ್ಥೆಯು ಕೆಲವು ದಿನಗಳ ಕಾಲ ಉಚಿತವಾಗಿ ಕೊಟ್ಟಿತು. ಸ್ಟೀಮಿನಲ್ಲಿ ಆ ಆಟಕ್ಕೆ ಅನುಕೂಲ ವಿಮರ್ಶೆಗಳ ಪುಷ್ಪವೃಷ್ಟಿಯಾಯಿತು. ಐದು ವರ್ಷಗಳ ಹಿಂದಿನ ಆಟವು ಆ ವಾರದಲ್ಲಿ ಉತ್ತಮವಾಯಿತೆಂದು ಹೇಳಲಾಗದು. ಆದರೂ ಸಂಸ್ಥೆಯು ಇದನ್ನು ವಿಚಾರಿಸಿ, ಅಪ್ರಕೃತವೆಂದು ಗುರುತುಮಾಡದೆ ಬಿಟ್ಟಿತು.

೬

ಹಾಗಾದರೆ ಇಂತಹ ದೂರುಗಳನ್ನೆಲ್ಲ ಹೊರಗಿಡುವುದೇ ಲೇಸಲ್ಲವೆ ಎಂಬ ಪೂರ್ವಪಕ್ಷವು ಏಳುತ್ತದೆ. ಇದಕ್ಕೆ ೨೦೨೪ನೆಯ ಮೇ ತಿಂಗಳಿನ ವೃತ್ತಾಂತವು ಉತ್ತರವಾಗಿದೆ. ಸೋನಿ ಸಂಸ್ಥೆಯು ಪ್ರಕಟಿಸಿದ ‘ಹೆಲ್‌ಡೈವರ್ಸ್ ೨’ ಎಂಬ ಆಟವನ್ನು ಆಡುವವರು ಆ ಸಂಸ್ಥೆಯ ಪ್ಲೇಸ್ಟೇಷನ್ ಖಾತೆಯನ್ನೂ ಹೊಂದಿರಲೇಬೇಕೆಂಬ ಷರತ್ತು, ಆಟವು ಮಾರಾಟವಾಗಿ ಸುಮಾರು ಮೂರು ತಿಂಗಳ ಮೇಲೆ ಜಾರಿಗೆ ಬರುವುದೆಂದು ಪ್ರಕಟವಾಯಿತು. ಅನೇಕ ದೇಶಗಳಲ್ಲಿ ಆ ಖಾತೆಯೇ ದೊರೆಯದು. ಆಟವು ಮಾತ್ರ ಅಲ್ಲಿ ಆಗಲೇ ಮಾರಾಟವಾಗಿದ್ದಿತು. ಎರಡು ಲಕ್ಷಕ್ಕೂ ಮೇಲ್ಪಟ್ಟು ಪ್ರತಿಕೂಲ ವಿಮರ್ಶೆಗಳು ಕೆಲವೇ ದಿನಗಳಲ್ಲಿ ಬಂದವು. ಸೋನಿ ಸಂಸ್ಥೆಯು ಷರತ್ತನ್ನು ಹಿಂತೆಗೆದುಕೊಂಡಿತು. ಬರೆದವರಲ್ಲಿ ಬಹು ಮಂದಿ ತಾವಾಗಿಯೇ ತಮ್ಮ ವಿಮರ್ಶೆಯನ್ನು ತಿದ್ದಿದರು.

೨೦೧೯ರ ನಿಯಮದ ಮಾತನ್ನೇ ಹಿಡಿದರೆ ಇದು ಖಾತೆಯ ಷರತ್ತಿನ ವಿಷಯ, ಆಟದ ವಿಷಯವಲ್ಲವೆನ್ನಬಹುದು. ಆದರೆ ಹಣ ಕೊಟ್ಟು ಕೊಂಡ ಆಟವು ಮುಂದೆ ತನ್ನ ದೇಶದಲ್ಲಿ ತೆರೆಯದೆ ಹೋಗುವುದೆಂದರೆ, ಆ ಗ್ರಾಹಕನಿಗೆ ಅದಕ್ಕಿಂತ ಪ್ರಕೃತವಾದ ವಿಷಯ ಬೇರೆ ಯಾವುದಿದೆ? ಸ್ಟೀಮಿನಲ್ಲಿ ೨೦೧೫ರಿಂದ ಹಣವನ್ನು ಹಿಂದಕ್ಕೆ ಪಡೆಯುವ ಅವಕಾಶವಿದ್ದರೂ, ಅದು ಸಾಮಾನ್ಯವಾಗಿ ಕೊಂಡ ಹದಿನಾಲ್ಕು ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದವರಿಗೆ ಮಾತ್ರ. ಆ ಗಡುವು ಕಳೆದವನಿಗೆ ಉಳಿಯುವುದು ವಿಮರ್ಶೆಯೊಂದೇ. ನ್ಯಾಯಸ್ಥಾನವಿಲ್ಲದ ಊರಿನಲ್ಲಿ ಸಂತೆಯೇ ನ್ಯಾಯಸ್ಥಾನವಾಗುವಂತೆ, ದೂರಿಗೆ ಬೇರೆ ಎಡೆಯಿಲ್ಲದುದರಿಂದ ವಿಮರ್ಶೆಯೇ ದೂರಾಯಿತು. ಆದುದರಿಂದ ಸ್ಕೈರಿಮ್ ಮತ್ತು ಹೆಲ್‌ಡೈವರ್ಸ್ ಪ್ರಸಂಗಗಳಲ್ಲಿ ಗ್ರಾಹಕನಿಗೆ ನ್ಯಾಯವನ್ನು ದೊರಕಿಸಿದ ಸಾಧನವೂ, ಫೈರ್‌ವಾಚ್ ಪ್ರಸಂಗದಲ್ಲಿ ಅನ್ಯಾಯವನ್ನು ಮಾಡಿದ ಸಾಧನವೂ ಒಂದೇ ಎಂಬುದನ್ನು ಮರೆಯಲಾಗದು.

ಎಪಿಕ್ ಅಂಗಡಿಯವರು ೨೦೨೨ರಲ್ಲಿ ಇನ್ನೊಂದು ದಾರಿಯನ್ನು ಹಿಡಿದರು. ಎರಡು ಗಂಟೆಗಿಂತ ಹೆಚ್ಚು ಆಡಿದವರಲ್ಲಿ ಕೆಲವರನ್ನು ಗೊತ್ತುಗುರಿಯಿಲ್ಲದೆ ಆರಿಸಿ, ಐದು ನಕ್ಷತ್ರಗಳಲ್ಲಿ ಎಷ್ಟೆಂದು ಅಂಗಡಿಯೇ ಕೇಳುವ ಪದ್ಧತಿಯದು. ಅಲ್ಲಿ ದಾಳಿಗೆ ಅವಕಾಶವಿಲ್ಲ. ತಾರತಮ್ಯಕ್ಕೂ ಸ್ವಲ್ಪ ಎಡೆಯುಂಟು. ಆದರೆ ಕೇಳಿದಾಗಲಷ್ಟೇ ಉತ್ತರ ಕೊಡಬೇಕಾದ ಸಾಕ್ಷಿಯು ತಾನಾಗಿ ಬಂದು ದೂರನ್ನು ಹೇಳಲಾರನು. ಒಂದು ಅಂಗಡಿಯಲ್ಲಿ ಗದ್ದಲ, ಇನ್ನೊಂದರಲ್ಲಿ ಮೌನ.

ವಿಮರ್ಶೆಗಳನ್ನು ಸಂಗ್ರಹಿಸುವ ಮೆಟಾಕ್ರಿಟಿಕ್ ಎಂಬ ತಾಣದಲ್ಲಿ ಆಟವನ್ನು ಕೊಂಡಿರಬೇಕೆಂಬ ನಿಯಮವೂ ಇರಲಿಲ್ಲ. ೨೦೨೦ನೆಯ ಜೂನಿನಲ್ಲಿ ‘ದಿ ಲಾಸ್ಟ್ ಆಫ್ ಅಸ್ ಭಾಗ ೨’ ಹೊರಬಂದ ದಿನವೇ, ಅದನ್ನು ಮುಗಿಸಲು ಬೇಕಾದ ಹೊತ್ತು ಕಳೆಯುವುದಕ್ಕೆ ಮೊದಲೇ, ಸಹಸ್ರಾರು ಮಂದಿ ಅಂಕಗಳನ್ನು ಕೊಟ್ಟುಬಿಟ್ಟರು. ಮರುತಿಂಗಳಿನಲ್ಲಿ ಆ ತಾಣದವರು, ಆಟವು ಹೊರಬಂದು ೩೬ ಗಂಟೆಗಳಾಗುವವರೆಗೆ ಯಾರೂ ಅಂಕವನ್ನು ಕೊಡುವಂತಿಲ್ಲವೆಂದು ನಿಯಮಿಸಿದರು. ಇಲ್ಲಿಯೂ ಪರೀಕ್ಷೆಯು ಅನರ್ಥದ ಹಿಂದೆ ಬಂದುದನ್ನು ಕಾಣಬಹುದು.

೭

ಈ ಚರಿತ್ರೆಯಿಂದ ತಿಳಿದುಬರುವುದಿಷ್ಟು. ೨೦೧೩ರಿಂದ ಈಚೆಗೆ ಬಂದ ಸುಧಾರಣೆಗಳಲ್ಲಿ ಬಹುಪಾಲು, ಪ್ರಾಚೀನ ವ್ಯವಹಾರಶಾಸ್ತ್ರವು ಎಣಿಕೆಗೆ ಮೊದಲು ಕೇಳುತ್ತಿದ್ದ ಪ್ರಶ್ನೆಗಳಲ್ಲಿ ಒಂದೊಂದನ್ನು ತಡವಾಗಿ ಕೇಳಿದುದೇ ಆಗಿದೆ. ಯಾವಾಗ ಕಂಡದ್ದು, ಹೇಗೆ ಪಡೆದದ್ದು, ಯಾವ ವಿಷಯದಲ್ಲಿ ಹೇಳುವುದು, ಯಾವ ಆಶಯದಿಂದ ಹೇಳುವುದು ಎಂಬಿವೇ ಆ ಪ್ರಶ್ನೆಗಳು. ೨೦೨೫ನೆಯ ಆಗಸ್ಟಿನಲ್ಲಿ ಸ್ಟೀಮ್ ಒಂದೊಂದು ಭಾಷೆಯವರ ಲೆಕ್ಕವನ್ನು ಬೇರೆ ಬೇರೆಯಾಗಿ ತೋರಿಸತೊಡಗಿದುದರಿಂದ, ಎಲ್ಲಿಯವನು ಕಂಡದ್ದು ಎಂಬ ಪ್ರಶ್ನೆಯೂ ಸೇರಿತು. ಒಂದು ಭಾಷೆಗೆ ಮಾಡಿದ ಅನುವಾದವು ಕೆಟ್ಟಿದ್ದರೆ ಅದರ ದೋಷವು ಆ ಭಾಷೆಯವರಿಗೆ ತಿಳಿಯಬೇಕಾದುದೇ. ಉಳಿದವರ ಲೆಕ್ಕವನ್ನು ಅದು ಕೆಡಿಸಬೇಕಾಗಿಲ್ಲ.

ಉಳಿದಿರುವುದು ಕೃತಿಯ ಸಾಕ್ಷ್ಯವನ್ನೂ ಕರ್ತೃವಿನ ಮೇಲಣ ದೂರನ್ನೂ ಬೇರ್ಪಡಿಸುವ ಕಾರ್ಯ. ಎರಡಕ್ಕೂ ಬೇರೆ ಬೇರೆ ಚಿಹ್ನೆಗಳಿದ್ದು ಎರಡೂ ಗ್ರಾಹಕನ ಕಣ್ಣಿಗೆ ಬೀಳುವಂತಿದ್ದರೆ, ದೂರನ್ನು ಅಡಗಿಸದೆಯೇ ಆಟವನ್ನು ಕಾಪಾಡಬಹುದು. ಯಾವುದು ಪ್ರಕೃತವೆಂದು ಅಂಗಡಿಯವನು ತೀರ್ಪುಕೊಡಬೇಕಾದ ಸಂದರ್ಭವೂ ಕಡಿಮೆಯಾಗುವುದು. ಅಲ್ಲಿಯವರೆಗೆ ಬಿರುದಿಗಿಂತ ಬರಹವೇ ಗ್ರಾಹ್ಯ. ಆಟವನ್ನು ಬಹುಕಾಲ ಆಡಿ, ಮೆಚ್ಚಿದುದಕ್ಕೂ ಮೆಚ್ಚದುದಕ್ಕೂ ಕಾರಣವನ್ನು ಹೇಳಿದ ಒಬ್ಬ ಅಪರಿಚಿತನ ಹತ್ತು ಸಾಲುಗಳು ಆ ಪುಟದಲ್ಲಿ ಎಲ್ಲಿಯಾದರೂ ಇದ್ದೇ ಇರುತ್ತವೆ. ವಾತ್ಸ್ಯಾಯನನ ಲಕ್ಷಣಕ್ಕೆ ಒಪ್ಪುವ ಆಪ್ತನು ಅವನೇ. ಸಹಸ್ರ ಬೆರಳುಗಳ ಎಣಿಕೆಯಲ್ಲಿ ಅವನೂ ಒಂದು ಬೆರಳಾಗಿ ಅಡಗಿಹೋಗಿರುವುದೇ ಈ ಪದ್ಧತಿಯ ಮೂಲದೋಷ.